ಒಂದೇ ಒಂದು ಳಿ

ಲಾಬಿಯಲ್ಲಿ ಕಪ್ಪು ಮಖಮಲ್ಲಿನ ಹಲಗೆ.
ಯಾವ ಹಾಲಿನಲ್ಲಿ ಯಾರ ಸಭೆ ಎಂದು
ಬೆಳಗ್ಗೆ ಏಳಕ್ಕೆ ಬಿಳಿ ಪ್ಲಾಸ್ಟಿಕ್ ಅಕ್ಷರ ಚುಚ್ಚುವುದು ನನ್ನ ಕೆಲಸ.
ಎದೆಯ ಬಿಲ್ಲೆಯಲ್ಲಿ ನಾನು ಗಂಗಾ,
ವಕ್ಕಲೇರಿಯಲ್ಲಿ ಗಂಗುಲಮ್ಮ.

ಅಕ್ಷರದ ಡಬ್ಬಿ ಬಂದಾಗಲೇ ಬಡವಾಗಿತ್ತು.
ಒತ್ತುಗಳು ಸಾಲವು. ಮದುವೆಯ ದಿನ
ಮ್ಮಗಳೆಲ್ಲ ಮುಗಿದುಹೋಗಿ
ಬೀಗತಿಯೊಬ್ಬರು ಬರೀ ನಾಗಮ ಆದರು,
ಪಾಯಸದವರೆಗೂ ಮುನಿಸು ಇಳಿಯಲಿಲ್ಲ.
ಳಿ ಅಂತೂ ಒಂದೇ ಒಂದು.

ಕೆಳಗಿನ ದೊಡ್ಡ ಹಾಲಿಗೆ ಅಂತರಗಂಗೆ ಎಂದು ಹೆಸರು:
ಮುನ್ನೂರು ಕುರ್ಚಿ, ಮೂರು ಪರದೆ,
ನೀರು ಮಾತ್ರ ಬಾಟಲಿಯದು.
ಮೂರನೇ ಮಹಡಿಯ ಹನ್ನೆರಡು ಕುರ್ಚಿಯದು ಸೋಮೇಶ್ವರ,
ಗಾಜಿನ ಮೇಜಿದೆ, ಒಂದು ಕಂಬವೂ ಇಲ್ಲ.
"ಹತ್ತಿರ ನೋಡೋಕೇನಿದೆ?" ಎಂದವರಿಗೆ
ಮಡಿಚಿದ ಕಾರ್ಡು ಕೊಡುತ್ತೇನೆ,
ಕಾರ್ಡಿನಲ್ಲಿಲ್ಲದ್ದು ಬಾಯಲ್ಲಿ:
ಬೆಟ್ಟದ ಬಸವನ ಬಾಯಿಂದ ನೀರು ಹಿಡಿಯೋ ಮುಂಚೆ
ಕೈಲಿರುವ ಚಿಪ್ಸು ಕೋತಿಗೆ ಒಪ್ಪಿಸಿಬಿಡಿ.
ಕೋಲಾರಮ್ಮನ ಗುಡಿಯ ಚೇಳಮ್ಮನಿಗೆ ಕಾಣಿಕೆ ಹಾಕಿ,
ಚೇಳು ಕುಟುಕೋದಿಲ್ಲ ಅಂತಾರೆ.
"ಅಂದರೆ, ರೂಮಿನಲ್ಲಿ ಚೇಳಿದೆಯಾ?"
ಪುಣೆಯವರೊಬ್ಬರಿಂದ ಆ ರಾತ್ರಿ ಮೂರು ಸಲ ಫೋನು.

ಆ ಶನಿವಾರ ಎರಡು ಸಭೆ.
ಅಂತರಗಂಗೆಯಲ್ಲಿ: ಟೊಮೆಟೊ ಹೊಸ ತಳಿ.
ಸೋಮೇಶ್ವರದಲ್ಲಿ: ರಾತ್ರಿ ಪಾಳಿ.
ಅಷ್ಟೇ ಬರೆಸಿದ್ದರು. ಕಂಪನಿಯಿಲ್ಲ, ಲೋಗೊ ಇಲ್ಲ,
ಮುಂಗಡವೆಲ್ಲ ನೂರರ ನೋಟು.

ಇದ್ದೊಂದು ಳಿಯನ್ನು ತಳಿಗೆ ಕೊಟ್ಟೆ,
ಮುನ್ನೂರು ಊಟದವರಲ್ಲವೆ.
ಪಾಳಿಯವರು ಬರೋದು ಮಧ್ಯಾಹ್ನ,
ಆಗ ಕಿತ್ತು ಅಲ್ಲಿ ಚುಚ್ಚಿದರಾಯಿತು.

ಹತ್ತೂವರೆಗೇ ಬಂದುಬಿಟ್ಟರು.
ಮಾರಿಕುಪ್ಪಂನಿಂದ ಬಾಡಿಗೆ ವ್ಯಾನು,
ಇಸ್ತ್ರಿ ಅಂಗಿಯ ಒಂಬತ್ತು ಮಂದಿ,
ಎಲ್ಲರ ಕೆಮ್ಮೂ ಒಂದೇ ಶ್ರುತಿ.
ಹಲಗೆಗೆ ಬೆರಳಿಟ್ಟು ಏಳುಮಲೈ ಓದಿದರು:
ರಾತ್ರಿ ಪಾ.
"ಅರ್ಧ ಪಾಳಿಗೆ ಅರ್ಧ ಕೂಲಿ, ಅಲ್ಲವೇನಮ್ಮಾ?"
ಎಲ್ಲರೂ ನಕ್ಕರು.
ನಾನು ತಳಿಯ ಳಿ ಕಿತ್ತೆ.
ಬೀಜದ ಮ್ಯಾನೇಜರು ನೋಡಿದರೆ ನೋಡಲಿ.

ಲಿಫ್ಟಿನೊಳಗೆ ಒಂಬತ್ತೂ ಜನ ಒಟ್ಟಿಗೆ,
ಭುಜಕ್ಕೆ ಭುಜ, ಯಾರೂ ಹೇಳದೆ
ಮುಖ ಬಾಗಿಲ ಕಡೆಗೆ.
"ಮೂರನೇ ಮಹಡಿ," ಅಂದೆ.
ಅಂತೋಣಿಸಾಮಿಯ ಬೆರಳು ತಳದ ಗುಂಡಿಗೆ ಹೋಯಿತು.
"ಮೊದಲು ಕೆಳಗೆ ಹೋಗಿ ಬರೋಣ," ಎಂದರು. "ಅಭ್ಯಾಸ."
ಮಾತು ನಿಂತಿತು.
ಒಬ್ಬರು ಎದೆಯ ಮೇಲೆ ಶಿಲುಬೆ ಬರೆದುಕೊಂಡರು,
ಇಬ್ಬರು ಕಣ್ಣು ಮುಚ್ಚಿದರು.
ಏಳೇ ಸೆಕೆಂಡು.
ಬಾಗಿಲು ತೆರೆದರೆ ಟ್ಯೂಬ್‌ಲೈಟು,
ಪೈಪು ಹಿಡಿದು ಕಾರು ತೊಳೆಯುತ್ತಿದ್ದ ಡ್ರೈವರು.
ಏಳುಮಲೈ ಹೊರಗೆ ಬಂದು
ಗೋಡೆಗೆ ಅಂಗೈ ಒತ್ತಿದರು, ಆಮೇಲೆ ಕಿವಿ.
"ತಣ್ಣಗಿದೆ," ಎಂದರು.
"ಏನೂ ಮಾತಾಡ್ತಿಲ್ಲ. ನಡೀರಿ ಮೇಲಕ್ಕೆ."

ಬಫೆಯಲ್ಲಿ ಪಾಸ್ತಾ, ಪನೀರು ದಾಟಿ
ತಾಮ್ರದ ಹಂಡೆಯ ಮುಂದೆ ನಿಂತರು.
ಅಲ್ಲಿ ನಿಂಬೆ ಗಾತ್ರದ ರಾಗಿಮುದ್ದೆ, ತಲೆಗೊಂದು ಪುದೀನ,
ಗಾಜಿನ ಲೋಟದಲ್ಲಿ ಬಸ್ಸಾರು.
"ಮರಿ ಚೆನ್ನಾಗಿದೆ," ಎಂದರು ಚೆಂಗಲರಾಯ,
"ಇದರ ತಾಯಿ ಎಲ್ಲಿ?"
ಅಡುಗೆಯ ದಸ್ತಗೀರ್ ಅಣ್ಣ ಟೋಪಿ ತೆಗೆದಿಟ್ಟು
ಮೆನುವಿನಲ್ಲಿಲ್ಲದ ಮುದ್ದೆ ಕಟ್ಟಿದರು, ಮುಷ್ಟಿ ತುಂಬ,
ಕೋಲು ಸಿಗದೆ ಲಟ್ಟಣಿಗೆಯಲ್ಲೇ ತಿರುವಿ.

ಬಂದವರು ಒಂಬತ್ತು. ಹನ್ನೆರಡು ಎಲೆಯೇ ಹಾಕಿ ಅಂದಿದ್ದರು.
ಉಪ್ಪು ಉಪ್ಪಿನಕಾಯಿ ಬಡಿಸಿದ ಮೂರನ್ನು
ಹಾಗೇ ಮಡಿಚಿ ಎತ್ತಿದೆ.
ಬಿಲ್ಲೂ ಹನ್ನೆರಡಕ್ಕೇ, ಚೌಕಾಸಿಯಿಲ್ಲ.

ಸಂಜೆ ಬೈಗುಳ ಬಂತು.
ಬೀಜದವರು ತೆಗೆದ ಗ್ರೂಪ್ ಫೋಟೊಗಳಲ್ಲೆಲ್ಲ
ತಲೆಗಳ ಹಿಂದೆ ಟೊಮೆಟೊ ಹೊಸ ತ.
ಖರೀದಿ ಚೀಟಿಯಲ್ಲಿ ಬರೆದು ಕೊಟ್ಟೆ:
ಳಿ, ಹನ್ನೆರಡು.
ಇನ್ನೂ ಬಂದಿಲ್ಲ.